ಕಂಬ ಕಿತ್ತ ಮೇಲೆ ಮನೆ ನಿಲ್ಲುವುದು ಹೇಗೆ? ಜಾಡು ಬಿಟ್ಟ ಫ್ಯಾಂಟಸಿ ಕಾದಂಬರಿಗಳ ಕುರಿತು

(ಓದುವವರನ್ನೂ ಬರೆಯುವವರನ್ನೂ ಎದುರಿಟ್ಟುಕೊಂಡು ಆಡಿದ ಮಾತಿನ ಬರಹ ರೂಪ. ಕೆಲವು ಕಾದಂಬರಿಗಳ ಗುಟ್ಟು ಅಲ್ಲಲ್ಲಿ ಬಿಟ್ಟುಕೊಡಬೇಕಾಗಿ ಬಂದಿದೆ.)

ಎಲ್ಲರಿಗೂ ನಮಸ್ಕಾರ.

ಫ್ಯಾಂಟಸಿ ಕಾದಂಬರಿಯಲ್ಲಿ ಏನೇನಿರುತ್ತದೆ ಎಂದು ಕೇಳಿದರೆ, ಒಂದನ್ನೂ ಓದದವರು ಕೂಡ ಪಟ್ಟಿ ಕೊಟ್ಟಾರು. ಕಥೆ ಶುರುವಾಗುವ ಮುಂಚೆಯೇ ಒಂದು ನಕಾಶೆ. ಹಳ್ಳಿಯ ಮೂಲೆಯಲ್ಲಿ ಬೆಳೆದ ಅನಾಥ ಹುಡುಗ. ಅವನೇ ಕಾರಣಪುರುಷ ಎನ್ನುವ ಹಳೆಯ ಭವಿಷ್ಯವಾಣಿ. ದಾರಿ ತೋರಿಸುವ ಗಡ್ಡದ ಮಾಂತ್ರಿಕ. ಎಲ್ಲೋ ದೂರದಲ್ಲಿ ಕೋಟೆ ಕಟ್ಟಿಕೊಂಡು ಕೂತ ದುಷ್ಟ ದೊರೆ. ಕೊನೆಗೊಂದು ಮಹಾಯುದ್ಧ. ಇಂಗ್ಲಿಷ್ ಲೇಖಕಿ ಡಯಾನಾ ವಿನ್ ಜೋನ್ಸ್ 1996ರಲ್ಲಿ ಈ ಸಾಮಾನನ್ನೆಲ್ಲ ಅಕಾರಾದಿಯಾಗಿ ಜೋಡಿಸಿ, ಪ್ರವಾಸಿ ಕೈಪಿಡಿಯ ಧಾಟಿಯಲ್ಲಿ ಒಂದು ಗೇಲಿಪುಸ್ತಕವನ್ನೇ ಬರೆದರು. ಆ ಲೋಕದಲ್ಲಿ ಊಟಕ್ಕೆ ಸಿಗುವುದು ಬರೀ ಸ್ಟ್ಯೂ. ಅಲ್ಲಿನ ಕುದುರೆಗಳು ಸೈಕಲ್ ಹಾಗೆ ದಣಿವಿಲ್ಲದೆ ಓಡುತ್ತವೆ, ಹೂಗಳ ಹಾಗೆ ಪರಾಗದಿಂದಲೇ ಸಂತಾನ ಪಡೆಯುತ್ತವೆ. ನಕ್ಕು ಮುಗಿಸಿದ ಮೇಲೆ ಅದೇ ಸಾಲಿನ ಕಾದಂಬರಿ ಓದಲು ಸ್ವಲ್ಪ ಧೈರ್ಯ ಬೇಕಾಗುತ್ತದೆ.

ಆದರೆ ಈ ಸಾಮಾನು ಸುಮ್ಮನೆ ಬಂದು ಕೂತದ್ದಲ್ಲ. ಒಂದೊಂದಕ್ಕೂ ಕೆಲಸವಿದೆ. ಊರಲ್ಲಿ ಅಷ್ಟು ಜನ ಇರುವಾಗ ಈ ಹುಡುಗನೇ ಯಾಕೆ ಎನ್ನುವ ಪ್ರಶ್ನೆಯನ್ನು ಭವಿಷ್ಯವಾಣಿ ಬಾಯಿ ಮುಚ್ಚಿಸುತ್ತದೆ. ದುಷ್ಟ ದೊರೆ ಕಥೆಗೆ ಗಡುವು ಕೊಡುತ್ತಾನೆ: ಅವನು ಗೆಲ್ಲುವುದರೊಳಗೆ ಇದಾಗಬೇಕು. ಪಯಣದಿಂದ ಅಧ್ಯಾಯಗಳಿಗೆ ಕ್ರಮ ಸಿಗುತ್ತದೆ. ನಮಗೆ ಗೊತ್ತಿಲ್ಲದ್ದನ್ನು ಹುಡುಗನಿಗೆ ಹೇಳುವ ನೆಪದಲ್ಲಿ ನಮಗೆ ಹೇಳುವುದು ಗಡ್ಡದ ಮಾಂತ್ರಿಕನ ಕೆಲಸ. ಯುದ್ಧ ಬಂತೆಂದರೆ ಕಥೆ ಮುಗಿಯಿತೆಂದು ಓದುಗನಿಗೆ ಅನುಮಾನವಿಲ್ಲದೆ ತಿಳಿಯುತ್ತದೆ. ತೊಟ್ಟಿಮನೆಯ ಕಂಬವೊಂದು ಹಳೆಯದಾಯಿತೆಂದು ಕಿತ್ತರೆ, ಅದು ಹೊತ್ತಿದ್ದ ಭಾರ ಅದರ ಜೊತೆ ಹೋಗುವುದಿಲ್ಲ. ಬೇರೇನಾದರೂ ಹೊರಬೇಕು. ಜಾಡು ಬಿಟ್ಟು ಬರೆದ ಫ್ಯಾಂಟಸಿಯಲ್ಲಿ ಗೆದ್ದದ್ದನ್ನೂ ಸೋತದ್ದನ್ನೂ ಬೇರೆ ಮಾಡುವುದು ಇದೊಂದೇ. ಏನು ಬಿಟ್ಟರು ಅನ್ನುವುದಕ್ಕಿಂತ, ಬಿಟ್ಟ ಜಾಗದಲ್ಲಿ ಏನಿಟ್ಟರು ಅನ್ನುವುದನ್ನು ನೋಡಬೇಕು.

ಮೊದಲು ಕಾಲಕ್ರಮ ಸರಿಮಾಡಿಕೊಳ್ಳೋಣ. ಜಾಡು ಮೊದಲಿತ್ತು, ಆಮೇಲೆ ಯಾರೋ ಬಂಡಾಯ ಎದ್ದರು ಎಂದು ನಾವು ಅಂದುಕೊಳ್ಳುತ್ತೇವೆ. ನಡೆದದ್ದು ಹೆಚ್ಚುಕಮ್ಮಿ ತಿರುವುಮುರುವು. ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬಂದದ್ದು 1954-55ರಲ್ಲಿ. ಅಮೆರಿಕದಲ್ಲಿ ಅದು ಅಗ್ಗದ ಪೇಪರ್‌ಬ್ಯಾಕ್ ಆಗಿ ಮನೆಮನೆಗೆ ಹೋದದ್ದು 1965ರ ನಂತರ. ಟೆರಿ ಬ್ರೂಕ್ಸ್ ಅವರ ‘ದಿ ಸ್ವೋರ್ಡ್ ಆಫ್ ಶನಾರಾ’ 1977ರಲ್ಲಿ ಬೆಸ್ಟ್‌ಸೆಲ್ಲರ್ ಪಟ್ಟಿಗೇರಿದಾಗ, ಟೋಲ್ಕಿನ್ ಅಚ್ಚಿನಲ್ಲಿ ಬರೆದದ್ದಕ್ಕೆ ಮಾರುಕಟ್ಟೆ ಇದೆ ಎಂದು ಪ್ರಕಾಶಕರಿಗೆ ಖಾತ್ರಿಯಾಯಿತು. ಜಾಡು ಗಟ್ಟಿಯಾದದ್ದು ಅಲ್ಲಿಂದ. ಅಂದರೆ ಅದಕ್ಕೆ ಸುಮಾರು ಐವತ್ತು ವರ್ಷ ಅಷ್ಟೆ.

ಟೋಲ್ಕಿನ್‌ರನ್ನೇ ಎಚ್ಚರದಿಂದ ಓದಿದರೆ ಅವರೂ ಆ ಜಾಡಿನಲ್ಲಿ ಪೂರ್ತಿ ಇಲ್ಲ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ನಾಯಕ ಫ್ರೋಡೋನ ಬಗ್ಗೆ ಕಾರಣಪುರುಷನ ಭವಿಷ್ಯವಾಣಿ ಇಲ್ಲ. ದುಷ್ಟ ದೊರೆಯ ಶಕ್ತಿಯೆಲ್ಲ ಅಡಗಿರುವ ಉಂಗುರ ಅವನಿಗೆ ಮನೆಯ ಆಸ್ತಿಯ ಜೊತೆ ಬರುತ್ತದೆ, ಅದನ್ನು ನಾಶಮಾಡಲು ಒಯ್ಯುವ ಹೊರೆಯನ್ನು ಸಭೆಯಲ್ಲಿ ತಾನಾಗಿ ಒಪ್ಪಿಕೊಳ್ಳುತ್ತಾನೆ. ಆ ಪಯಣ ಏನನ್ನೋ ಪಡೆಯಲು ಅಲ್ಲ, ಕಳೆದುಕೊಳ್ಳಲು. ಕಟ್ಟಕಡೆಯ ಗಳಿಗೆಯಲ್ಲಿ ಅವನು ಸೋಲುತ್ತಾನೆ, ಉಂಗುರ ನನ್ನದೇ ಎನ್ನುತ್ತಾನೆ. ಉಂಗುರ ನಾಶವಾದ ಮೇಲೂ ಆರು ಅಧ್ಯಾಯ ಉಳಿದಿರುತ್ತವೆ. ಅನುಕರಿಸಿದವರು ಈ ವಿಚಿತ್ರಗಳನ್ನು ಬಿಟ್ಟು ನಕಾಶೆ, ಕುಳ್ಳರು, ಯಕ್ಷರು, ಕೋಟೆ ಇಷ್ಟನ್ನು ಎತ್ತಿಕೊಂಡು ಹೋದರು.

ಈಗ 1926ಕ್ಕೆ ಹೋಗೋಣ, ಟೋಲ್ಕಿನ್ ಅವರ ‘ದಿ ಹಾಬಿಟ್’ ಬರುವುದಕ್ಕೂ ಹನ್ನೊಂದು ವರ್ಷ ಮುಂಚೆ. ಹೋಪ್ ಮಿರ್ಲೀಸ್ ಅವರ ‘ಲಡ್-ಇನ್-ದ-ಮಿಸ್ಟ್’. ನಾಯಕ ನಥಾನಿಯಲ್ ಚಾಂಟಿಕ್ಲಿಯರ್ ಒಬ್ಬ ಮಧ್ಯವಯಸ್ಕ, ದಪ್ಪನೆಯ ಆಸಾಮಿ, ವರ್ತಕರ ಪಟ್ಟಣವೊಂದರ ಮೇಯರ್. ಇನ್ನೂರು ವರ್ಷದ ಹಿಂದೆ ವರ್ತಕರು ದಂಗೆ ಎದ್ದು ತಮ್ಮ ಡ್ಯೂಕ್‌ನನ್ನು ಓಡಿಸಿದ್ದಾರೆ, ಅವನೊಂದಿಗೆ ಪಕ್ಕದ ಮಾಯಾಲೋಕದ ಹೆಸರೆತ್ತುವುದನ್ನೂ ನಿಷೇಧಿಸಿದ್ದಾರೆ. ಆದರೂ ಆ ಲೋಕದ ಹಣ್ಣು ಕಳ್ಳಸಾಗಣೆಯಾಗಿ ಊರಿಗೆ ಬರುತ್ತದೆ, ತಿಂದವರ ಬುದ್ಧಿ ಕದಡುತ್ತದೆ. ಕಾನೂನಿನಲ್ಲಿ ಆ ಹಣ್ಣಿನ ಹೆಸರು ಬರೆಯುವಂತಿಲ್ಲವಲ್ಲ, ಹಾಗಾಗಿ ದಾಖಲೆಗಳಲ್ಲಿ ಅದನ್ನು ರೇಷ್ಮೆ ಬಟ್ಟೆ ಎಂದು ಗಣಿಸುತ್ತಾರೆ! ಸಿಕ್ಕಿಬಿದ್ದವನ ಮೇಲೆ ಹಾಕುವ ಮೊಕದ್ದಮೆ ರೇಷ್ಮೆ ಕಳ್ಳಸಾಗಣೆಯದು. ಈ ಒಂದು ವಿವರದಲ್ಲಿ ಇಡೀ ಊರಿನ ಸ್ವಭಾವ ಇದೆ. ನಕಾಶೆ ಬೇಕಿಲ್ಲ, ಪೀಠಿಕೆ ಬೇಕಿಲ್ಲ.

ಸರಿ, ಇಲ್ಲಿ ಭಾರ ಹೊರುವುದು ಏನು? ಮೇಯರನ ಮಗ ರಾನಲ್ಫ್ ಹಣ್ಣು ತಿಂದುಬಿಡುತ್ತಾನೆ, ಅಲ್ಲಿಗೆ ಗಡುವು ಬಂತು. ಹಣ್ಣು ತರುವವರು ಯಾರು ಎನ್ನುವ ವಿಚಾರಣೆ ಹಳೆಯ ಕೊಲೆಯೊಂದರ ಕಡತಕ್ಕೆ ಕರೆದೊಯ್ಯುತ್ತದೆ, ಅಲ್ಲಿಗೆ ಅಧ್ಯಾಯಗಳ ಕ್ರಮವೂ ಬಂತು. ಪಯಣದ ಜಾಗದಲ್ಲಿ ಪತ್ತೇದಾರಿ.

ಜಾಡು ಬಿಟ್ಟವರು ಅತಿ ಹೆಚ್ಚು ಬಾರಿ ಕೈಹಾಕಿರುವುದು ಇದೇ ಉಪಾಯಕ್ಕೆ. ಚೈನಾ ಮಿಯೆವಿಲ್ ಅವರ ‘ದಿ ಸಿಟಿ ಅಂಡ್ ದಿ ಸಿಟಿ’ (2009) ಒಂದೇ ನೆಲದ ಮೇಲೆ ಹೆಣೆದುಕೊಂಡ ಎರಡು ನಗರಗಳ ಕಥೆ. ಒಂದರ ಪ್ರಜೆಗಳು ಇನ್ನೊಂದನ್ನು ಕಂಡೂ ಕಾಣದಂತೆ ಬದುಕಬೇಕು, ತಪ್ಪಿದರೆ ಶಿಕ್ಷೆ. ಕಥೆ ಹೇಳುವವನು ಒಬ್ಬ ಪೊಲೀಸ್ ಅಧಿಕಾರಿ, ಶುರುವಾಗುವುದು ಒಂದು ಹೆಣದಿಂದ. ವಿಚಾರಣೆಯ ಅನುಕೂಲ ಏನೆಂದರೆ ಪ್ರಶ್ನೆ ಕೇಳುವುದು ನಾಯಕನ ಉದ್ಯೋಗವೇ ಆಗಿಬಿಡುತ್ತದೆ. ಲೋಕದ ನಿಯಮ ವಿವರಿಸಲು ಗಡ್ಡದ ಮಾಂತ್ರಿಕ ಬೇಕಾಗುವುದಿಲ್ಲ. ಅಪಾಯವೂ ಅದರಲ್ಲೇ ಇದೆ. ಪತ್ತೇದಾರಿಗೆ ಉತ್ತರ ಕೊಡಲೇಬೇಕು, ಉತ್ತರ ಕೊಟ್ಟ ಕೂಡಲೇ ಮಾಯೆ ಕುಗ್ಗುತ್ತದೆ. ‘ಎಲ್ಲ ಮಾಡಿದ್ದು ಮಂತ್ರಿಯೇ’ ಎಂದು ಗೊತ್ತಾದ ಮೇಲೆ ಆ ಲೋಕಕ್ಕೆ ಮತ್ತೆ ಹೋಗಬೇಕೆನ್ನಿಸುವುದಿಲ್ಲ.

ಈ ಅಪಾಯವನ್ನು ದಾಟಿದ್ದು ಸುಸಾನಾ ಕ್ಲಾರ್ಕ್ ಅವರ ‘ಪಿರನೇಸಿ’ (2020, ಮರುವರ್ಷ ವಿಮೆನ್ಸ್ ಪ್ರೈಜ್ ಬಂತು). ಕೊನೆಯಿಲ್ಲದ ಹಜಾರಗಳ ಒಂದು ಮನೆ, ಗೋಡೆಯುದ್ದಕ್ಕೂ ಪ್ರತಿಮೆಗಳು, ಕೆಳಗಿನ ಹಜಾರಗಳಲ್ಲಿ ಸಮುದ್ರ, ಉಬ್ಬರ ಬಂದಾಗ ನೀರು ಮೇಲೇರುತ್ತದೆ. ನಿರೂಪಕನ ಲೆಕ್ಕದಲ್ಲಿ ಪ್ರಪಂಚ ಹುಟ್ಟಿದಾಗಿನಿಂದ ಇದ್ದ ಮನುಷ್ಯರು 15 ಮಂದಿ: ತಾನು, ವಾರಕ್ಕೆರಡು ದಿನ ಭೇಟಿಯಾಗುವ ಇನ್ನೊಬ್ಬ, ಮತ್ತು 13 ಅಸ್ಥಿಪಂಜರಗಳು. ಅವನು ದಿನಚರಿ ಬರೆಯುತ್ತಾನೆ, ಅದಕ್ಕೆ ಅಕಾರಾದಿ ಸೂಚಿ ಮಾಡಿಟ್ಟುಕೊಂಡಿದ್ದಾನೆ. ಒಂದು ದಿನ ಸೂಚಿ ತಿರುವುವಾಗ, ತನ್ನದೇ ಕೈಬರಹದಲ್ಲಿ, ತನಗೆ ನೆನಪೇ ಇಲ್ಲದ ನಮೂದುಗಳು ಸಿಗುತ್ತವೆ. ಇಡೀ ಕಾದಂಬರಿಯ ತಿರುವು ಆ ಸೂಚಿಯಲ್ಲಿದೆ. ಕತ್ತಿ ಇಲ್ಲ, ಸೈನ್ಯ ಇಲ್ಲ, ಒಬ್ಬ ಮನುಷ್ಯ ತನ್ನ ಹಳೆಯ ನೋಟ್‌ಬುಕ್ ಓದುತ್ತಿದ್ದಾನೆ, ನಮಗೆ ಎದೆ ಹೊಡೆದುಕೊಳ್ಳುತ್ತದೆ. ಕ್ಲಾರ್ಕ್ ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಡುತ್ತಾರೆ. ಇವನು ಯಾರು, ಇಲ್ಲಿಗೆ ಹೇಗೆ ಬಂದ? ಇದಕ್ಕೆ ಪೂರ್ತಿ ಉತ್ತರ ಸಿಗುತ್ತದೆ. ಈ ಮನೆ ಏನು? ಇದಕ್ಕೆ ಕೊನೆಯವರೆಗೂ ಪೂರ್ತಿ ಉತ್ತರವಿಲ್ಲ. ಪತ್ತೇದಾರಿ ಬಳಸುವವರು ಕಲಿಯಬೇಕಾದ ಕಸುಬು ಇದು: ಯಾವ ಪ್ರಶ್ನೆ ಮುಚ್ಚಬೇಕು, ಯಾವುದನ್ನು ತೆರೆದಿಡಬೇಕು ಎಂದು ಬರೆಯುವ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಎರಡನ್ನೂ ತೆರೆದಿಟ್ಟರೆ ಓದುಗ ಮೋಸಹೋದೆ ಅಂದುಕೊಳ್ಳುತ್ತಾನೆ.

ಮಾಯೆಯನ್ನೇ ತೆಗೆದುಬಿಟ್ಟರೆ? ಮರ್ವಿನ್ ಪೀಕ್ ಅದನ್ನೂ ಮಾಡಿದ್ದಾರೆ. ‘ಟೈಟಸ್ ಗ್ರೋನ್’ 1946ರದು, ‘ಗಾರ್ಮೆನ್‌ಗಾಸ್ಟ್’ 1950ರದು. ಒಂದು ಮಂತ್ರವಿಲ್ಲ, ಒಂದು ದೆವ್ವವಿಲ್ಲ. ಊರಿನಷ್ಟು ದೊಡ್ಡ, ಕುಸಿಯುತ್ತಿರುವ ಒಂದು ಕೋಟೆ, ಅದರಲ್ಲಿ 77ನೆಯ ಅರ್ಲ್ ಆಗಿ ಹುಟ್ಟುವ ಟೈಟಸ್. ಮೊದಲ ಸಂಪುಟ ಮುಗಿದಾಗಲೂ ಹೆಸರಿನ ನಾಯಕನಿಗೆ ವರ್ಷ ಒಂದು ಚಿಲ್ಲರೆ! ಆದರೂ ಇದು ಫ್ಯಾಂಟಸಿಯೇ ಹೌದು, ಯಾಕೆಂದರೆ ಮಾಯೆ ಇರಬೇಕಾದ ಜಾಗದಲ್ಲಿ ವಿಧಿವಿಧಾನ ಇದೆ. ಬೆಳಗಾದರೆ ವಿಧಿಗಳ ಅಧಿಕಾರಿ ಅರ್ಲ್‌ನ ಮುಂದೆ ಮೂರು ಗ್ರಂಥ ತಂದಿಡುತ್ತಾನೆ. ಮೊದಲನೆಯದರಲ್ಲಿ ಆ ದಿನ ಯಾವ ಗಂಟೆಗೆ ಏನು ಮಾಡಬೇಕು, ಯಾವ ಬಟ್ಟೆ ತೊಡಬೇಕು ಎಂಬ ವಿವರ. ಎರಡನೆಯದು ಖಾಲಿ ಹಾಳೆಗಳು, ಬರೀ ಸಂಕೇತಕ್ಕೆ. ಮೂರನೆಯದು ಮೊದಲನೆಯದಕ್ಕೆ ಸಂಬಂಧಿಸಿದ ಅಡ್ಡ ಉಲ್ಲೇಖಗಳು. ಮಠ, ಅರಮನೆ, ಸರ್ಕಾರಿ ಕಚೇರಿ ಕಂಡ ನಮಗೆ ಆ ಎರಡನೆಯ ಗ್ರಂಥ ಯಾಕಿದೆ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

ನಿಯಮ ಇಷ್ಟು ಬಿಗಿಯಾದರೆ ಸಣ್ಣ ತಪ್ಪೂ ಯುದ್ಧದಷ್ಟು ದೊಡ್ಡದಾಗುತ್ತದೆ. ಮೊದಲ ಸಂಪುಟದ ಕೊನೆಗೆ ಸರೋವರದ ತೆಪ್ಪದ ಮೇಲೆ ಮಗುವಿಗೆ ಪಟ್ಟ ಕಟ್ಟುತ್ತಾರೆ. ಅದರ ಕೈಗೆ ಒಂದು ಕಲ್ಲು, ಒಂದು ಐವಿ ಬಳ್ಳಿಯ ಕೊಂಬೆ ಕೊಡುತ್ತಾರೆ. ಮಗು ಎರಡನ್ನೂ ನೀರಿಗೆ ಹಾಕುತ್ತದೆ. ಮಹಾಯುದ್ಧದ ಜಾಗದಲ್ಲಿರುವುದು ಇಷ್ಟೇ, ಇಷ್ಟು ಸಾಕಾಗುತ್ತದೆ, ಯಾಕೆಂದರೆ ಅದಕ್ಕೆ ಮುಂಚಿನ ನೂರಾರು ಪುಟ ಆ ಕಲ್ಲಿಗೆ ತೂಕ ಕೊಡಲೆಂದೇ ಖರ್ಚಾಗಿವೆ. ಪೀಕ್‌ರನ್ನು ಅನುಕರಿಸಿದವರು ಎಡವುವುದು ಇಲ್ಲಿಯೇ: ಕೋಟೆಯ ವರ್ಣನೆ ತೆಗೆದುಕೊಳ್ಳುತ್ತಾರೆ, ಸ್ಟೀರ್‌ಪೈಕ್‌ನನ್ನು ಮರೆಯುತ್ತಾರೆ. ಅಡುಗೆಮನೆಯಿಂದ ತಪ್ಪಿಸಿಕೊಂಡು ಕೋಟೆಯ ಸೂರು ಹತ್ತಿ, ಒಂದೊಂದೇ ಮೆಟ್ಟಿಲು ಮೇಲೇರುವ ಹದಿನೇಳರ ಹುಡುಗ ಅವನು. ನಿಂತ ನೀರಿನಂಥ ಲೋಕದಲ್ಲಿ ಚಲಿಸುವವನು ಒಬ್ಬನಾದರೂ ಬೇಕು, ಅವನು ಕೆಟ್ಟವನಾದರೂ ಸರಿ.

ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಅವರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. 1968ರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ಯಲ್ಲೇ ಅವರು ಯುದ್ಧವನ್ನು ಕೈಬಿಟ್ಟಿದ್ದರು. ನಾಯಕ ಗೆಡ್ ತಾಮ್ರಗಂದು ಬಣ್ಣದವನು, ಅವನನ್ನು ಅಟ್ಟಿಬರುವುದು ಅವನ ಜಂಬದಿಂದಲೇ ಬಿಡುಗಡೆಯಾದ ನೆರಳು. ಆದರೂ ಅದರಲ್ಲಿ ಗುರುಕುಲವಿತ್ತು, ಪಯಣವಿತ್ತು, ಡ್ರ್ಯಾಗನ್ ಇತ್ತು. ಮೂರನೆಯ ಪುಸ್ತಕ 1972ರಲ್ಲಿ ಬಂತು. ಹದಿನೆಂಟು ವರ್ಷ ಬಿಟ್ಟು, 1990ರಲ್ಲಿ, ‘ತೆಹಾನು’ ಬರೆದರು. ತಾವೇ ಕಟ್ಟಿದ ಮನೆಯನ್ನು ತಾವೇ ಬಿಚ್ಚಿ ನೋಡಿದ ಪುಸ್ತಕ ಅದು. ಡ್ರ್ಯಾಗನ್ ಬೆನ್ನ ಮೇಲೆ ಬಂದಿಳಿಯುವ ಗೆಡ್‌ನಲ್ಲಿ ಮಾಂತ್ರಿಕ ಶಕ್ತಿ ಒಂದು ಹನಿಯೂ ಉಳಿದಿಲ್ಲ. ಅವನು ಮೇಕೆ ಕಾಯಲು ಹೋಗುತ್ತಾನೆ. ಕಥೆ ನಡೆಯುವುದು ಟೆನಾರ್ ಸುತ್ತ: ಗಂಡ ಸತ್ತ, ಮಕ್ಕಳು ದೊಡ್ಡವರಾದ ರೈತ ಹೆಂಗಸು, ಬೆಂಕಿಗೆ ನೂಕಲ್ಪಟ್ಟ ಒಂದು ಮಗುವನ್ನು ಸಾಕುತ್ತಿದ್ದಾಳೆ.

ಅದರಲ್ಲೊಂದು ದೃಶ್ಯ. ಸಮುದ್ರಕ್ಕೆ ಹೋಗಿದ್ದ ಮಗ ಸ್ಪಾರ್ಕ್ ಮನೆಗೆ ಬಂದಿದ್ದಾನೆ. ಉಂಡ ತಟ್ಟೆ ಎತ್ತಿಡು ಎಂದರೆ ಅದು ಹೆಂಗಸರ ಕೆಲಸ ಅನ್ನುತ್ತಾನೆ. ಈ ಅಡುಗೆಮನೆಯಲ್ಲಿ ಉಣ್ಣುವವರೆಲ್ಲರ ಕೆಲಸ ಅದು ಎಂದು ತಾಯಿ ಹೇಳುತ್ತಾಳೆ. ಅವನು ಒಪ್ಪುವುದಿಲ್ಲ, ಎದ್ದು ಹೋಗುತ್ತಾನೆ. ಅಷ್ಟೇ. ದುಷ್ಟ ದೊರೆಯ ಜಾಗದಲ್ಲಿ ಲೆ ಗ್ವಿನ್ ಇಟ್ಟಿರುವುದು ಈ ತಟ್ಟೆಯನ್ನು ಮತ್ತು ಅದರ ಹಿಂದಿರುವ ಬೇರೆ ಬೇರೆ ಗಾತ್ರದ ಹಿಂಸೆಗಳನ್ನು. ಮಾಂತ್ರಿಕರ ಶಾಲೆಗೆ ಹೆಣ್ಣುಮಕ್ಕಳಿಗೆ ಪ್ರವೇಶ ಯಾಕಿರಲಿಲ್ಲ ಎಂದು ಮೊದಲ ಮೂರು ಪುಸ್ತಕ ಓದುವಾಗ ಬಹುಜನ ಕೇಳಿಕೊಂಡಿರಲಿಲ್ಲ. ಇಲ್ಲಿ ಕೇಳದೆ ಮುಂದೆ ಹೋಗಲು ಆಗುವುದಿಲ್ಲ. ಕೊನೆಯಲ್ಲಿ ಡ್ರ್ಯಾಗನ್ ಬಂದು ಬಿಕ್ಕಟ್ಟು ಬಿಡಿಸುವುದು ಮಾತ್ರ ಸ್ವಲ್ಪ ಅವಸರವಾಯಿತು ಎಂದು ನಮ್ಮ ಅಭಿಪ್ರಾಯ. ಅಲ್ಲಿ ಹಳೆಯ ಕಂಬವನ್ನೇ ಮತ್ತೆ ತಂದು ನಿಲ್ಲಿಸಿದ ಹಾಗಿದೆ.

ಇನ್ನು ನಾಯಕನನ್ನು ಕೊಲ್ಲುವ ವಿಚಾರ. ಜಾರ್ಜ್ ಆರ್.ಆರ್. ಮಾರ್ಟಿನ್ ಅವರ ‘ಎ ಗೇಮ್ ಆಫ್ ಥ್ರೋನ್ಸ್’ (1996) ನೆಡ್ ಸ್ಟಾರ್ಕ್‌ಗೆ 15 ಅಧ್ಯಾಯಗಳ ದೃಷ್ಟಿಕೋನ ಕೊಡುತ್ತದೆ, ಆಮೇಲೆ ಅವನ ತಲೆ ಕಡಿಸುತ್ತದೆ, ಅದನ್ನೂ ಮಗಳು ಆರ್ಯಾಳ ಕಣ್ಣಿಂದ ತೋರಿಸುತ್ತದೆ. ಅದು ಅಷ್ಟು ತಾಗಲು ಕಾರಣ ಅನಿರೀಕ್ಷಿತ ಎಂಬುದಲ್ಲ. ತನಗೆ ಗುಟ್ಟು ಗೊತ್ತಾಗಿದೆ ಎಂದು ರಾಣಿಗೆ ಮೊದಲೇ ಹೇಳಿದವನು ನೆಡ್ಡೇ, ಅವಳ ಮಕ್ಕಳ ಮೇಲಿನ ಕನಿಕರದಿಂದ. ಸಾವು ಅವನ ಗುಣದಿಂದ ಬಂತು. ಇದನ್ನು ನೋಡಿ ಬರೆದವರು ಸಾವನ್ನಷ್ಟೇ ಕಲಿತರು. ಹತ್ತೇ ವರ್ಷದಲ್ಲಿ ‘ಯಾರು ಬೇಕಾದರೂ ಸಾಯಬಹುದು’ ಎನ್ನುವುದೇ ಒಂದು ಹೊಸ ಜಾಡಾಯಿತು; ಈಗ ಒಳ್ಳೆಯವನೊಬ್ಬ ಬಂದ ಕೂಡಲೇ ಓದುಗ ಎಷ್ಟನೆಯ ಅಧ್ಯಾಯಕ್ಕೆ ಹೋಗುತ್ತಾನೆ ಎಂದು ಲೆಕ್ಕ ಹಾಕಲು ಕೂರುತ್ತಾನೆ.

ಕಾರಣಪುರುಷನ ವಿಷಯದಲ್ಲಿ ಇತ್ತೀಚೆಗೆ ಬಂದ ಅತಿ ಜಾಣ ಪುಸ್ತಕ ಶ್ರೀಲಂಕಾದ ವಜ್ರ ಚಂದ್ರಶೇಖರ ಅವರ ‘ದಿ ಸೇಂಟ್ ಆಫ್ ಬ್ರೈಟ್ ಡೋರ್ಸ್’. 2023ರದು, ನೆಬ್ಯುಲಾ ಪ್ರಶಸ್ತಿ ಪಡೆಯಿತು. ಹುಟ್ಟಿದ ಗಳಿಗೆಯಲ್ಲೇ ತಾಯಿ ಮಗನ ನೆರಳಿಗೆ ಹಿತ್ತಾಳೆ ಮೊಳೆ ಹೊಡೆದು, ಅದನ್ನು ಅವನಿಂದ ಕಿತ್ತುಹಾಕುತ್ತಾಳೆ. ಸಂತನಾದ ತಂದೆಯನ್ನು ಕೊಲ್ಲಲೆಂದೇ ಅವನನ್ನು ಬೆಳೆಸುತ್ತಾಳೆ. ಮಾಮೂಲು ಫ್ಯಾಂಟಸಿಯ ಮೂರು ಸಂಪುಟಕ್ಕಾಗುವ ಈ ಸರಕನ್ನು ಲೇಖಕರು ಮೊದಲ ಕೆಲವು ಪುಟಗಳಲ್ಲೇ ಮುಗಿಸುತ್ತಾರೆ. ದೊಡ್ಡವನಾದ ಮಗ ಅದೆಲ್ಲ ಬಿಟ್ಟು ನಗರ ಸೇರಿದ್ದಾನೆ, ಇನ್ನೇನು ಕಾರಣಪುರುಷರಾಗಬೇಕಿದ್ದು ಆಗದೆ ಉಳಿದವರ ಒಂದು ಕೂಟಕ್ಕೆ ಹೋಗಿ ಕುಳಿತು ದುಃಖ ಹೇಳಿಕೊಳ್ಳುತ್ತಾನೆ! ಯಶೋಧರೆ-ರಾಹುಲರ ಕಥೆ ಗೊತ್ತಿರುವ ನಮಗೆ ಈ ತಾಯಿ ಮಗ ಯಾರ ನೆರಳಿನಲ್ಲಿ ನಿಂತಿದ್ದಾರೆಂದು ಹೊಳೆಯಲು ತಡವಾಗುವುದಿಲ್ಲ. ಭವಿಷ್ಯವಾಣಿಯ ಜಾಗದಲ್ಲಿ ಇಲ್ಲಿರುವುದು ಊರಿನ ಆಡಳಿತ: ಗುರುತಿನ ಕಾಗದ, ಜಾತಿ-ಜನಾಂಗದ ವಿಂಗಡಣೆ, ಸೋಂಕಿನ ಹೆಸರಿನ ಶಿಬಿರಗಳು. ದೇವರು ಬರೆದ ಹಣೆಬರಹಕ್ಕಿಂತ ಗುಮಾಸ್ತ ಬರೆದದ್ದು ಹೆಚ್ಚು ಭಯ ಹುಟ್ಟಿಸುತ್ತದೆ.

ಆಡಳಿತವನ್ನೇ ಕಥೆ ಮಾಡಿದ ಇನ್ನೊಂದು, ಇದಕ್ಕಿಂತ ಸೌಮ್ಯವಾದದ್ದು, ಕ್ಯಾಥರೀನ್ ಆಡಿಸನ್ ಅವರ ‘ದಿ ಗಾಬ್ಲಿನ್ ಎಂಪರರ್’ (2014). ವಾಯುನೌಕೆಯ ಅಪಘಾತದಲ್ಲಿ ತಂದೆ, ಅಣ್ಣಂದಿರು ಸತ್ತು, ಯಾರಿಗೂ ಬೇಡವಾಗಿದ್ದ ಹದಿನೆಂಟರ ಮಗ ಚಕ್ರವರ್ತಿಯಾಗುತ್ತಾನೆ. ನದಿಗೆ ಸೇತುವೆ ಕಟ್ಟಬೇಕೇ ಬೇಡವೇ ಎಂಬ ಚರ್ಚೆ ಅದರಲ್ಲಿ ರೋಚಕವಾಗಿದೆ ಎಂದರೆ ನಂಬುತ್ತೀರಾ? ಆ ಪುಸ್ತಕದ ತೊಡಕು ಒಂದೇ, ಹೆಸರುಗಳು. ಉದ್ದುದ್ದ ಹೆಸರು, ಬಿರುದು, ಮನೆತನ. ಓದುಗ ಪದೇಪದೇ ಹಿಂದಿನ ಪಟ್ಟಿ ತೆರೆಯಬೇಕು. ಕನ್ನಡದಲ್ಲಿ ಬರೆಯುವವರೂ ಇಲ್ಲಿ ಎಚ್ಚರವಾಗಿರಬೇಕು. ಮೊದಲ ಇಪ್ಪತ್ತು ಪುಟದಲ್ಲಿ ಐದಾರು ಹೊಸ ಹೆಸರಿಗಿಂತ ಹೆಚ್ಚು ಬೇಡ. ಒಂದೇ ಅಕ್ಷರದಿಂದ ಶುರುವಾಗುವ ಎರಡು ಮುಖ್ಯ ಪಾತ್ರ ಬೇಡ. ಮಹಾಪ್ರಾಣ ತುರುಕಿದ ಮಾತ್ರಕ್ಕೆ ಹೆಸರಿಗೆ ಪ್ರಾಚೀನತೆ ಬರುತ್ತದೆಂಬ ಭ್ರಮೆಯೂ ಬೇಡ.

ನಮ್ಮಲ್ಲಿ ಸಾಮಾನ್ಯವಾಗಿ ಆಗುವ ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಯಕ್ಷರಂಥ ಎಲ್ಫ್ ಇದ್ದಲ್ಲಿ ಗಂಧರ್ವ, ದುಷ್ಟ ದೊರೆಯ ಸೈನಿಕ ಆರ್ಕ್ ಇದ್ದಲ್ಲಿ ರಾಕ್ಷಸ, ಗಡ್ಡದ ಮಾಂತ್ರಿಕ ಇದ್ದಲ್ಲಿ ಋಷಿ ಎಂದು ವೇಷ ಬದಲಿಸಿ, ಇದು ನಮ್ಮ ಮಣ್ಣಿನ ಫ್ಯಾಂಟಸಿ ಎನ್ನುವುದು. ಪರೀಕ್ಷೆ ಸುಲಭ. ಹಸ್ತಪ್ರತಿಯ ಒಂದು ಅಧ್ಯಾಯ ತೆಗೆದುಕೊಂಡು ಎಲ್ಲ ಹೆಸರನ್ನೂ ಇಂಗ್ಲಿಷ್ ಹೆಸರಾಗಿ ಬದಲಿಸಿ ಓದಿ. ಒಂದು ದೃಶ್ಯವೂ ಅಲುಗಾಡದಿದ್ದರೆ, ಬದಲಾದದ್ದು ವೇಷ ಮಾತ್ರ.

ಅಲುಗಾಡುವ ಕಥೆ ಹೇಗಿರುತ್ತದೆ ನೋಡಬೇಕಾದರೆ ದೂರ ಹೋಗಬೇಕಿಲ್ಲ. ಎ.ಕೆ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿದ, ಹೂವಿನ ಮರವಾಗುವ ಹುಡುಗಿಯ ಕಥೆ ಇದೆಯಲ್ಲ. ಉಗುರು ತಾಕಿಸದೆ ತಂದ ಎರಡು ಬಿಂದಿಗೆ ನೀರು. ಒಂದನ್ನು ಸುರಿದರೆ ಅವಳು ಮರ, ಇನ್ನೊಂದನ್ನು ಸುರಿದರೆ ಮತ್ತೆ ಹುಡುಗಿ. ನಡುವೆ ಹೂ ಬಿಡಿಸುವವರು ಒಂದು ಚಿಗುರನ್ನೂ ನೋಯಿಸಬಾರದು. ಅವಳು ಇದನ್ನು ಮಾಡುವುದು ಕೂಲಿ ಮಾಡುವ ತಾಯಿಗೆ ಹೂ ಮಾರಿ ನಾಲ್ಕು ಕಾಸು ತರಲು. ಮದುವೆಯಾದ ಮೇಲೆ ನಾದಿನಿ, ಅವಳ ಗೆಳತಿಯರು ಹಟ ಮಾಡಿ ಅವಳನ್ನು ಮರವಾಗಿಸುತ್ತಾರೆ, ಕೊಂಬೆ ಮುರಿಯುತ್ತಾರೆ, ಎರಡನೆಯ ಬಿಂದಿಗೆಯ ನೀರನ್ನು ಹೇಗೆ ಹೇಗೋ ಚೆಲ್ಲಿ ಓಡುತ್ತಾರೆ. ಅವಳು ಕೈಕಾಲಿಲ್ಲದ ದೇಹವಾಗಿ ಉಳಿಯುತ್ತಾಳೆ. ನಿಯಮ ಎಷ್ಟು ನಿಖರ! ಅಳತೆ ಇದೆ, ಷರತ್ತಿದೆ, ತಪ್ಪಿದರೆ ಏನಾಗುತ್ತದೆಂದು ದೇಹದ ಮೇಲೆಯೇ ಬರೆದಿದೆ. ಭವಿಷ್ಯವಾಣಿ ಇಲ್ಲ, ದೊರೆಯ ಜೊತೆ ಯುದ್ಧವಿಲ್ಲ. ಇಲ್ಲಿನ ನಾದಿನಿಯನ್ನು ಬೇರೆ ಊರಿಗೆ ಸಾಗಿಸಲು ಹೋಗಿ ನೋಡಿ, ಕಥೆ ಮುರಿಯುತ್ತದೆ. ಇದನ್ನು ಮುನ್ನೂರು ಪುಟಕ್ಕೆ ಹಿಗ್ಗಿಸುವವರು ಕೇಳಿಕೊಳ್ಳಬೇಕಾದದ್ದು ಮಾಯೆಯ ಬಗ್ಗೆ ಅಲ್ಲ: ಆ ಹೂವನ್ನು ಕೊಳ್ಳುವವರು ಯಾರು, ಬೆಲೆ ಕಟ್ಟುವವರು ಯಾರು, ಬೇಡ ಅನ್ನುವ ಹಕ್ಕು ಅವಳಿಗೆ ಯಾವ ಮನೆಯಲ್ಲಿತ್ತು?

ಕೊನೆಗೆ, ಓದುವ ಕ್ರಮ ಕೇಳುವವರಿಗೆ. ‘ಪಿರನೇಸಿ’ಯಿಂದ ಶುರುಮಾಡಿ, 250 ಪುಟದ ಆಸುಪಾಸು, ಮೊದಲ ಐವತ್ತು ಪುಟ ಏನೂ ಅರ್ಥವಾಗದಿದ್ದರೆ ಗಾಬರಿ ಬೇಡ. ‘ತೆಹಾನು’ವನ್ನು ಮಾತ್ರ ನೇರ ಎತ್ತಿಕೊಳ್ಳಬೇಡಿ, ಹಿಂದಿನ ಮೂರು ಓದಿರದಿದ್ದರೆ ಗೆಡ್ ಕಳೆದುಕೊಂಡದ್ದೇನೆಂದು ತಿಳಿಯುವುದಿಲ್ಲ. ಪೀಕ್ ನಿಧಾನಕ್ಕೆ ಇರಲಿ. ಅನುವಾದಕ್ಕೆ ಮನಸ್ಸು ಮಾಡುವವರಿದ್ದರೆ ಒಂದು ಲೆಕ್ಕ: ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ನಡೆಯುತ್ತದೆ. ಪೀಕ್ ತೀರಿಕೊಂಡದ್ದು 1968ರಲ್ಲಿ, ಅಂದರೆ 2028ರ ಕೊನೆಯವರೆಗೆ ಅನುಮತಿ ಬೇಕು. ಮಿರ್ಲೀಸ್ 1978ರಲ್ಲಿ ಹೋದರು. ‘ಲಡ್-ಇನ್-ದ-ಮಿಸ್ಟ್’ ಅಮೆರಿಕದಲ್ಲಿ 2022ರಿಂದಲೇ ಮುಕ್ತವಾಗಿ ಸಿಗುತ್ತದಾದರೂ ಇಲ್ಲಿ 2038 ಮುಗಿಯುವ ತನಕ ಕಾಯಬೇಕು, ಇಲ್ಲವೇ ಹಕ್ಕುದಾರರನ್ನು ಕೇಳಬೇಕು. 1970ರಲ್ಲಿ ಅಮೆರಿಕದ ಪ್ರಕಾಶಕರು ಆಕೆ ಬದುಕಿದ್ದಾಗಲೇ, ಆಕೆಯನ್ನು ಕೇಳದೆಯೇ ಅದನ್ನು ಮರುಮುದ್ರಿಸಿದ್ದರು. ನಾವು ಹಾಗೆ ಮಾಡುವುದು ಬೇಡ.